ಒಂದೇ ಕಣ್ಣಿನ ನೀರು

ಎಡಗಣ್ಣಿನ ಕೆಳರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ ಹತ್ತಿರವಾಗಿ, ನನಗೆ ಈಗ ಕೂದಲಿಲ್ಲ. ಬೆಳಕಿಗೆ ಮುಖ ಮಾಡಿ ನಿಂತರೆ ಅಲ್ಲಿ ಉಗುರಿನ ಗೀರಿನಷ್ಟು ತೆಳುವಾದ ಬಿಳಿ ಗೆರೆಯೊಂದು ಕಾಣುತ್ತದೆ. ಅಷ್ಟನ್ನು ಬಿಟ್ಟರೆ ಕಾಯಿಲೆ ಬಂದುಹೋದದ್ದಕ್ಕೆ ನನ್ನ ಮುಖದಲ್ಲಿ ಬೇರೆ ಸಾಕ್ಷಿಯಿಲ್ಲ. ಪರಶಿವನ ಕರುಣೆಯಿಂದಲೂ ಒಬ್ಬ ಹೆಣ್ಣುಮಗಳ ವಿದ್ಯೆಯಿಂದಲೂ ನಾನು ಇಂದು ಎರಡೂ ಕಣ್ಣು ತೆರೆದು ಈ ಸಾಲುಗಳನ್ನು ಬರೆಯುತ್ತಿದ್ದೇನೆ.

ಬರೆಯಬೇಕೆಂದು ಅನ್ನಿಸಿದ್ದು ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ. ನನ್ನ ಪಕ್ಕದಲ್ಲಿ ಕೊತ್ತಗೆರೆ ಕಡೆಯ ರೈತರೊಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ರೆಪ್ಪೆಯ ಹುಣ್ಣನ್ನು ಎರಡು ವರ್ಷ ಮನೆಯವರಿಂದ ಮರೆಮಾಡಿದ್ದರಂತೆ. ಸುದ್ದಿ ಹೊರಬಿದ್ದರೆ ಮಗಳಿಗೆ ಬಂದ ಸಂಬಂಧ ತಪ್ಪಿಹೋದೀತೆಂಬ ಭಯ. ನಾನೂ ಮರೆಮಾಡಿದ್ದೆ. ಆದರೆ ನನ್ನ ಕಾರಣ ಅಷ್ಟು ಮರ್ಯಾದೆಯದಾಗಿರಲಿಲ್ಲ. ಅಂದು ಅವರ ಮುಂದೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತೇನೆ. ಅರಿಷಡ್ವರ್ಗಗಳಲ್ಲಿ ಕೊನೆಯದಾಗಿ ಎಣಿಸುವ ಮಾತ್ಸರ್ಯವೇ ನನ್ನ ಕಾಯಿಲೆಯನ್ನು ಒಂದು ವರ್ಷ ಸಾಕಿತು.

ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಹತ್ತು ವರ್ಷ ವ್ಯಾಕರಣ, ಛಂದಸ್ಸುಗಳನ್ನು ಓದಿದವನು. ಕುಣಿಗಲ್ಲಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು, ನಿವೃತ್ತಿಯ ಬಳಿಕ ಪತ್ನಿ ಗಿರಿಜಮ್ಮನೊಡನೆ ಗುಬ್ಬಿಯಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯಿಂದ ನಾಲ್ಕು ಮನೆಯಾಚೆಗೆ ಒಂದು ಸಣ್ಣ ಮಠವಿದೆ. ಅಲ್ಲಿ ಶ್ರಾವಣ ಮಾಸವಿಡೀ ಸಂಜೆಯ ಹೊತ್ತು ಪುರಾಣ ಓದುವ ಪದ್ಧತಿ. ಕುಣಿಗಲ್ಲಿನಲ್ಲಿದ್ದಾಗ ಸಂಜೆಯ ಬಸ್ಸಿಗೆ ಬಂದು ಓದಿದ ವರ್ಷಗಳೂ ಸೇರಿ, ಮೂವತ್ತೊಂದು ಶ್ರಾವಣಗಳಲ್ಲಿ ಆ ವ್ಯಾಸಪೀಠದ ಮುಂದೆ ಕುಳಿತವನು ನಾನೊಬ್ಬನೇ. ಅಲ್ಲಿನ ಕಟ್ಟಳೆ ಒಂದಿದೆ: ಮೊದಲ ದಿನ ಗ್ರಂಥವನ್ನು ಕಣ್ಣಿಗೊತ್ತಿಕೊಂಡು ಓದಲು ತೊಡಗಿದವನೇ ಕೊನೆಯ ದಿನ ಮಂಗಳ ಹಾಡಬೇಕು. ನಡುವೆ ಓದುಗ ಬದಲಾಗಕೂಡದು. ಹೀಗಾಗಿ ಮೊದಲ ದಿನ ತಪ್ಪಿತೆಂದರೆ ಒಂದು ದಿನವನ್ನು ಬಿಟ್ಟುಕೊಟ್ಟಂತಲ್ಲ; ಪೀಠವನ್ನೇ ಬಿಟ್ಟುಕೊಟ್ಟಂತೆ.

ಕಾಯಿಲೆ ನನ್ನಲ್ಲಿಗೆ ಭಕ್ತಿಯ ವೇಷದಲ್ಲಿ ಬಂದಿತು.

ಪ್ರತಿದಿನ ಬೆಳಿಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಎಡಗೈಯಲ್ಲಿ ಧರಿಸಿ, ಅದರ ಮೇಲೆ ರೆಪ್ಪೆ ಮಿಟುಕಿಸದೆ ದೃಷ್ಟಿಯಿರಿಸಿ ಕೂರುವುದು ನಮ್ಮ ಮನೆತನದ ಆಚಾರ. ಒಂದು ಚಳಿಗಾಲದಲ್ಲಿ, ಹಾಗೆ ಕುಳಿತಿರುವಾಗ, ಎಡಗಣ್ಣಿನಿಂದ ನೀರು ತಾನಾಗಿ ಇಳಿಯತೊಡಗಿತು. ಮೊದಲ ದಿನ ಬೆರಗಾದೆ. ಮರುದಿನವೂ ಇಳಿಯಿತು. ಐವತ್ತು ವರ್ಷಗಳ ಪೂಜೆ ಈಗ ಫಲಿಸಿತೆಂದು ಭಾವಿಸಿದೆ. ಅಂದು ಗಿರಿಜಮ್ಮ ತಿಂಡಿಗೆ ಕರೆದಾಗ ನಾನು ಎಂದಿಗಿಂತ ಮೆಲ್ಲಗೆ ಎದ್ದೆನೆಂಬುದು ನನಗೆ ನೆನಪಿದೆ. ಆ ಶ್ರಾವಣದಲ್ಲಿ ಓದುವಾಗಲೂ ನೀರು ಇಳಿಯಿತು. ಕರುಣೆಯ ಪ್ರಸಂಗವಿರಲಿ, ಯುದ್ಧದ ಪ್ರಸಂಗವಿರಲಿ, ಇಳಿಯಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. ಪಂಡಿತರು ಬರಿಯ ಓದುಗರಲ್ಲ, ಅನುಭವಿಗಳು ಎಂಬ ಮಾತು ನನ್ನ ಕಿವಿಗೂ ಬಿತ್ತು. ಅದನ್ನು ಬೇಡವೆನ್ನುವಷ್ಟು ವೈರಾಗ್ಯ ನನಗಿರಲಿಲ್ಲ.

ಇಲ್ಲಿ ನನ್ನ ಭಾವಮೈದುನ ಚಂದ್ರಶೇಖರನ ಮಾತು ಬರುತ್ತದೆ. ಅವನು ಗಿರಿಜಮ್ಮನ ತಮ್ಮ. ಊರು ಹೆಬ್ಬೂರು. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪಾಳಿಯ ಕೆಲಸ ಮಾಡಿ ನಿವೃತ್ತನಾದವನು. ಗುರು, ಲಘುಗಳ ಭೇದ ಅವನಿಗೆ ಇಂದಿಗೂ ತಿಳಿಯದು. ಷಟ್ಪದಿ ಓದುವುದನ್ನು ನನ್ನ ಹಿಂದೆ ಕುಳಿತು ಕಿವಿಯಿಂದಲೇ ಕಲಿತ. ಆದರೆ ಶಿವನು ನನಗೆ ಶಾಸ್ತ್ರವನ್ನು ಕೊಟ್ಟು ಅವನಿಗೆ ಕಂಠವನ್ನು ಕೊಟ್ಟಿದ್ದ. ನಾನು ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದ ಮೇಲೆ ಜನ ತಲೆದೂಗುತ್ತಿದ್ದರು. ಅವನು ಅರ್ಥವನ್ನೇ ಹೇಳದೆ ಅದೇ ಪದ್ಯವನ್ನು ಒಮ್ಮೆ ಹಾಡಿದರೆ ಹೊರಗೆ ಚಪ್ಪಲಿ ಕಾಯುವವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ನಾನು ದಣಿವಾರಿಸಿಕೊಳ್ಳುವಾಗ ನಡುವೆ ಎರಡು ಪದ್ಯ ಹಾಡಲು ಅವನಿಗೆ ಹೇಳುತ್ತಿದ್ದುದುಂಟು. ವರ್ಷದಿಂದ ವರ್ಷಕ್ಕೆ ನನ್ನ ದಣಿವು ಕಡಿಮೆಯಾಗುತ್ತ ಬಂದುದರ ಗುಟ್ಟು ಇದೇ.

ಅವನಿಗೆ ಇಲ್ಲದ ಒಂದು ವಸ್ತು ಈಗ ನನ್ನಲ್ಲಿತ್ತು. ಅವನು ಹಾಡುವಾಗ ಅವನ ಕಣ್ಣು ಒಣಗಿರುತ್ತಿತ್ತು.

ಶ್ರಾವಣ ಮುಗಿದ ವಾರದಲ್ಲಿ ಅವನು ನಮ್ಮ ಮನೆಗೆ ಊಟಕ್ಕೆ ಬಂದ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದವನು ಕೇಳಿದ.

"ಭಾವ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಭಕ್ತಿ ಬಂದ್ರೆ ಎರಡು ಕಣ್ಣಲ್ಲೂ ನೀರು ಬರ್ಬೇಕಲ್ವಾ? ನಿಮಗ್ಯಾಕೆ ಎಡಗಣ್ಣಲ್ಲಿ ಮಾತ್ರ ಬರ್ತದೆ?"

ಗಿರಿಜಮ್ಮ ನಕ್ಕಳು. ನಾನು ನಗಲಿಲ್ಲ. ಇವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಹೊಟ್ಟೆಕಿಚ್ಚು ಇದ್ದದ್ದು ಆ ಕೋಣೆಯಲ್ಲಿ ಯಾರ ಬಳಿ ಎಂಬುದು ತಿಳಿಯಲು ನನಗೆ ಇನ್ನೂ ಒಂದು ವರ್ಷ ಬೇಕಾಗಿತ್ತು.

ಆ ವೇಳೆಗಾಗಲೇ ರೆಪ್ಪೆಯ ಅಂಚಿನಲ್ಲಿ ಬೆಂದ ಸಬ್ಬಕ್ಕಿಯಂಥ ಒಂದು ಹೊಳೆಯುವ ಗುಳ್ಳೆ ಎದ್ದಿತ್ತು. ಕುರುವೆಂದು ಬಗೆದು ಬಿಸಿಬಟ್ಟೆಯ ಶಾಖ ಕೊಟ್ಟೆ. ಹೋಗಲಿಲ್ಲ. ಬೆಳಿಗ್ಗೆ ವಿಭೂತಿ ಧರಿಸುವಾಗ ರೆಪ್ಪೆಗಳಿಗೂ ಸವರಿಕೊಳ್ಳುವುದು ನನ್ನ ರೂಢಿ. ಗುಳ್ಳೆಯ ಮೇಲೆ ತುಸು ಹೆಚ್ಚಾಗಿಯೇ ಸವರಿದೆ. ಭಸ್ಮದ ಕೆಳಗೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ವೈದ್ಯರಿಗೆ ತೋರಿಸಿದರೆ ಕಣ್ಣೀರು ನಿಂತುಹೋದೀತು ಎಂಬ ಅಳುಕು ನನ್ನೊಳಗೆ ಇತ್ತು. ಈ ವಾಕ್ಯವನ್ನು ಬರೆಯಲು ನಾನು ಬಹಳ ಹೊತ್ತು ಲೇಖನಿ ಕೆಳಗಿಟ್ಟು ಕುಳಿತಿದ್ದೆ. ಆದರೆ ಅದು ನಿಜ.

ಮುಂದಿನ ಆಷಾಢದಲ್ಲಿ, ಒಗೆಯಲು ತೆಗೆದುಕೊಂಡ ನನ್ನ ಬಿಳಿಯ ಅಂಗವಸ್ತ್ರದ ತುದಿಯಲ್ಲಿ ಗಿರಿಜಮ್ಮ ರಕ್ತದ ಚುಕ್ಕೆಗಳನ್ನು ಕಂಡಳು. ನನ್ನನ್ನು ಏನೂ ಕೇಳಲಿಲ್ಲ. ಎರಡು ದಿನಗಳಲ್ಲಿ ಹೆಬ್ಬೂರಿನಿಂದ ಚಂದ್ರು ಬಂದ. ಅವನ ಬಲಗಣ್ಣಿನ ಮೇಲುರೆಪ್ಪೆಯಲ್ಲಿ ಮೆಣಸಿನ ಕಾಳಿನಂಥ ಮಚ್ಚೆಯೊಂದು ಹುಟ್ಟಿದಂದಿನಿಂದಲೂ ಇದೆ. ಅದು ಈಚೆಗೆ ಬೆಳೆಯುತ್ತಿರುವಂತಿದೆ, ತುಮಕೂರಿನ ಆಸ್ಪತ್ರೆಗೆ ಬೆಂಗಳೂರಿನಿಂದ ಯಾವುದೋ ಹೊಸ ಯಂತ್ರ ಬರುತ್ತದಂತೆ, ಒಬ್ಬನೇ ಹೋಗಲು ಎದೆ ಗಾಬರಿ, ಹಿರಿಯರು ನೀವು ಜೊತೆಗೆ ಬಂದರೆ ಧೈರ್ಯ ಎಂದು ಅವನು ಬೇಡಿಕೊಂಡ. ನನಗೆ ಒಳಗೊಳಗೇ ಹಿತವಾಯಿತು. ಹಾಡುವ ಆ ಗಂಟಲು ಹೆದರಿ ಒಣಗಿದ್ದನ್ನು ನಾನು ಮೊದಲ ಬಾರಿಗೆ ಕೇಳುತ್ತಿದ್ದೆ. ಬರುತ್ತೇನೆ ಎಂದೆ.

ಆ ಗುರುವಾರ ಹೊರರೋಗಿಗಳ ಮೊಗಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಗೋಡೆಯ ಟಿವಿಯಲ್ಲಿ ಅಡುಗೆಯ ಕಾರ್ಯಕ್ರಮ ನಡೆದಿತ್ತು. ಅರ್ಧ ಜನಕ್ಕೆ ಕಣ್ಣಿಗೆ ಔಷಧಿಯ ಹನಿ ಬಿದ್ದಿದ್ದರಿಂದ ನೋಡುವವರು ಕಡಿಮೆ. ಕೊತ್ತಗೆರೆಯವರ ಪರಿಚಯವಾದದ್ದು ಇಲ್ಲಿಯೇ. ಮೂರು ತಾಸು ಕಳೆದ ಮೇಲೆ ದಾದಿ ಚಂದ್ರುವಿನ ಹೆಸರು ಕೂಗಿದಳು. ಅದರ ಬೆನ್ನಿಗೇ ನನ್ನ ಹೆಸರನ್ನೂ ಕೂಗಿದಳು. ನಾನು ಬೆಚ್ಚಿ ಚಂದ್ರುವಿನ ಕಡೆ ತಿರುಗಿದೆ.

"ಹೆಂಗೂ ಬಂದಿದ್ದೀವಲ್ಲ ಭಾವ, ನಿಮ್ದೂ ಬರ್ಸ್‌ಬುಟ್ಟೆ," ಎಂದ. "ನಂದು ತೋರ್ಸೋವಾಗ ನಿಮ್ದೂ ಒಂದ್ ಕಿತ ನೋಡ್ಲಿ ಬುಡಿ."

ಜನರ ನಡುವೆ ಜಗಳವಾಡುವುದು ನನಗೆ ಒಗ್ಗದು. ಒಳಗೆ ಹೋದೆ.

ವೈದ್ಯೆ ಚಿಕ್ಕ ವಯಸ್ಸಿನವರು. ಮಾತು ಮೃದು. ಆ ಯಂತ್ರ ಚರ್ಮವನ್ನು ಕತ್ತರಿಸದೆ, ಮೇಲಿನಿಂದಲೇ ಅದರ ಒಳಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ತೋರಿಸುತ್ತದೆಂದೂ, ಹಿಂದಿನಂತೆ ತುಂಡು ತೆಗೆದು ಪರೀಕ್ಷೆಗೆ ಕಳಿಸಿ ದಿನಗಟ್ಟಲೆ ಕಾಯಬೇಕಿಲ್ಲವೆಂದೂ ಹೇಳಿದರು. ಕಣ್ಣಿಗೆ ಮರಗಟ್ಟಿಸುವ ಹನಿ, ರೆಪ್ಪೆಗೆ ತಣ್ಣನೆಯ ಅಂಟು, ಅದರ ಮೇಲೆ ಲೇಖನಿಯ ಮುಚ್ಚಳದಷ್ಟು ಅಗಲದ ಗಾಜಿನ ತುದಿ. ನೋವಿಲ್ಲ. ರೆಪ್ಪೆ ಅಲುಗಬಾರದು, ಅಷ್ಟೇ.

ಮೊದಲು ಚಂದ್ರುವನ್ನು ಕೂರಿಸಿದರು. ಅವನು ಮಿಟುಕಿಸಿದ. ಚಿತ್ರ ಕಲಕಿತು. ಮತ್ತೆ ಮಿಟುಕಿಸಿದ. ನಾಲ್ಕು ಬಾರಿ ಹೊಸದಾಗಿ ತೊಡಗಬೇಕಾಯಿತು. ನನ್ನ ಸರದಿ ಬಂದಾಗ ನಾನು ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ಲಿಂಗವೆಂದು ಭಾವಿಸಿ ದೃಷ್ಟಿ ನಿಲ್ಲಿಸಿದೆ.

"ಇಷ್ಟು ಸ್ಟಡಿಯಾಗಿ ಯಾರೂ ಕೂತಿರ್ಲಿಲ್ಲ ಸರ್," ಎಂದರು ವೈದ್ಯೆ.

ನಾನು ಚಂದ್ರುವಿನ ಕಡೆ ನೋಡಲಿಲ್ಲ. ಅವನಿಗೆ ಕೇಳಿಸಿರಲೆಂದು ಮಾತ್ರ ಹಾರೈಸಿದೆ.

ಪರದೆಯ ಮೇಲೆ ಎಲ್ಲವೂ ಬೂದಿಯ ಬಣ್ಣ. ಚಂದ್ರುವಿನ ಚಿತ್ರದಲ್ಲಿ ಜೇನುಹುಟ್ಟಿನಂತೆ ಒಂದೇ ಅಳತೆಯ ಕೋಶಗಳು ಓರಣವಾಗಿದ್ದವು. ಬರಿಯ ಮಚ್ಚೆ, ಮುಟ್ಟಬೇಕಾಗಿಲ್ಲ ಎಂದುಬಿಟ್ಟರು. ನನ್ನ ಚಿತ್ರದಲ್ಲಿ ಆ ಓರಣ ಒಂದೆಡೆ ಮುರಿದುಬಿದ್ದು, ಗುಂಪುಗುಂಪಾಗಿ ಕರಿಯ ತೇಪೆಗಳು ನಿಂತಿದ್ದವು. ತಾಳೆಗರಿಯಲ್ಲಿ ಕಂಟವೆಂಬ ಕಬ್ಬಿಣದ ಕಡ್ಡಿಯಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಮಸಿ ಸವರಿದಾಗ ಸಾಲುಸಾಲಾಗಿ ಎದ್ದುಬರುತ್ತದೆ. ನನ್ನ ರೆಪ್ಪೆಯೊಳಗೆ ಯಾರೋ ಎಂದೋ ಬರೆದಿಟ್ಟದ್ದು ಹಾಗೆ ಎದ್ದುಬಂದಿತು. ವೈದ್ಯೆ ಅದಕ್ಕೊಂದು ಉದ್ದವಾದ ಇಂಗ್ಲಿಷ್ ಹೆಸರು ಹೇಳಿ, ಬಳಿಕ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಇದು ಚರ್ಮದ ಕ್ಯಾನ್ಸರ್ ಸರ್. ಗಾಬರಿ ಆಗ್ಬೇಡಿ. ಇದು ಜೀವಕ್ಕೆ ಕೈ ಹಾಕೋದು ತುಂಬಾ ಅಪರೂಪ. ಆದ್ರೆ ಇರೋ ಜಾಗನ ತಿಂತಾ ಹೋಗುತ್ತೆ. ಮೇಲೆ ಕಾಣೋದು ಸ್ವಲ್ಪ, ಒಳಗೆ ಮೂಗಿನ ಕಡೆಗೆ ಹೋಗಿದೆ. ಕಣ್ಣೀರು ಇಳಿದುಹೋಗೋ ಒಂದು ಸಣ್ಣ ರಂಧ್ರ ಇರುತ್ತೆ, ಅದನ್ನ ಒತ್ತಿದೆ. ಕಣ್ಣಲ್ಲಿ ನೀರು ಬರ್ತಿತ್ತಾ?"

ಬರುತ್ತಿತ್ತು ಎಂದೆ. ಎಷ್ಟು ದಿನದಿಂದ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಚಂದ್ರು, ಒಂದೂವರೆ ವರ್ಷದಿಂದ ಎಂದ. ಭಕ್ತಿಯ ಮಾತನ್ನು ಅವನು ಅಲ್ಲಿ ಎತ್ತಬಹುದಾಗಿತ್ತು. ಎತ್ತಲಿಲ್ಲವೆಂಬುದೇ ನನಗೆ ಇನ್ನಷ್ಟು ಚುಚ್ಚಿತು.

ಕ್ಯಾನ್ಸರ್ ಎಂಬ ಶಬ್ದ ಕೇಳಿದವರಿಗೆ ಮೊದಲು ಭಯವಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ನನಗೆ ಭಯ ಎರಡನೆಯದಾಗಿ ಬಂದಿತು. ಮೊದಲು ಬಂದದ್ದು ಮತ್ಸರ. ಇಬ್ಬರೂ ಒಂದೇ ಬೆಂಚಿನಿಂದ ಎದ್ದು ಒಳಗೆ ಹೋಗಿದ್ದೆವು; ಅವನಿಗೆ ಮಚ್ಚೆ, ನನಗೆ ಹುಣ್ಣು. ಐವತ್ತು ವರ್ಷ ಲಿಂಗದ ಮೇಲೆ ನೆಟ್ಟ ಕಣ್ಣು ನನ್ನದು. ಹೊರಗೆ ಬಂದಾಗ ಚಂದ್ರು ಎಳನೀರು ಕೊಡಿಸಿದ. ಗುಬ್ಬಿಯ ಬಸ್ಸಿನಲ್ಲಿ ಕುಳಿತಮೇಲೆ ನಾನು ಜನರ ಮುಖವನ್ನು ನೋಡಲೇ ಇಲ್ಲ, ರೆಪ್ಪೆಗಳನ್ನು ನೋಡಿದೆ. ಕಂಡಕ್ಟರನ ರೆಪ್ಪೆ, ತಾಯಿಯ ಭುಜದ ಮೇಲೆ ನಿದ್ರಿಸುತ್ತಿದ್ದ ಕೂಸಿನ ರೆಪ್ಪೆ. ನಿಲ್ದಾಣದಲ್ಲಿ ಕಟ್ಟಿಹಾಕಿದ್ದ ಒಂದು ಕರು, ನೀಳವಾದ ರೆಪ್ಪೆಗೂದಲುಗಳನ್ನು ಅಲುಗಿಸಿ ನೊಣ ಓಡಿಸುತ್ತಿತ್ತು. ಆ ಕರುವಿನ ಮೇಲೂ ಮತ್ಸರಪಟ್ಟೆ. ಇಂಥ ದಿನಗಳಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ಅದು ನಿಮಗೊಬ್ಬರಿಗೇ ಅಲ್ಲ.

ಗಿರಿಜಮ್ಮ ವಿಷಯ ಕೇಳಿ ಅಳಲಿಲ್ಲ. ಬೆಳಗಿ ಬೋರಲು ಹಾಕಿದ್ದ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಒಯ್ದು ಮತ್ತೊಮ್ಮೆ ಬೆಳಗಿದಳು. ತಮ್ಮನಿಗೆ ಏನೂ ಇಲ್ಲವೆಂದು ತಿಳಿದಾಗ ಅವಳ ಮುಖ ಒಂದು ಕ್ಷಣ ಹಗುರಾದದ್ದನ್ನು ನಾನು ಗಮನಿಸಿದೆ. ಅದನ್ನೂ ಅವನ ಲೆಕ್ಕಕ್ಕೇ ಬರೆದುಕೊಂಡೆ.

ಸಂಕಟ ಶುರುವಾದದ್ದು ದಿನಾಂಕದ ವಿಷಯದಲ್ಲಿ. ಶಸ್ತ್ರಚಿಕಿತ್ಸೆಗೆ ಮೊದಲು ಅದೇ ಯಂತ್ರದಿಂದ ಹುಣ್ಣಿನ ಗಡಿಯನ್ನು ಗುರುತಿಸಿ, ಗೆರೆ ಎಳೆದು, ಅಷ್ಟನ್ನೇ ಕತ್ತರಿಸುವುದು ವೈದ್ಯೆಯ ಕ್ರಮ. ಯಂತ್ರ ಮುಂದಿನ ಗುರುವಾರ ಬರುತ್ತದೆ. ಆ ಬಳಿಕ ಬೇರೆ ಊರುಗಳಿಗೆ ಹೋಗಿ ಕಾರ್ತಿಕದಲ್ಲಿ ಮರಳುತ್ತದೆ. ಮುಂದಿನ ಗುರುವಾರದ ಮೂರನೆಯ ದಿನಕ್ಕೇ ಶ್ರಾವಣದ ಮೊದಲ ಪಾಡ್ಯ. ಕಾರ್ತಿಕಕ್ಕೆ ಬರುತ್ತೇನೆಂದು ಫೋನಿನಲ್ಲಿ ಹೇಳಿದೆ. ಆ ರಂಧ್ರಕ್ಕೂ ಹುಣ್ಣಿಗೂ ನಡುವೆ ಈಗ ಕೂದಲೆಳೆಯಷ್ಟು ಜಾಗವಿದೆ, ಕಾರ್ತಿಕಕ್ಕೆ ಅದು ಇರುತ್ತದೆಂದು ನಾನು ಮಾತು ಕೊಡಲಾರೆ, ರಂಧ್ರ ಹೋದರೆ ಜೀವನವಿಡೀ ಆ ಕಣ್ಣಲ್ಲಿ ನೀರು ಸುರಿಯುತ್ತದೆ, ರೆಪ್ಪೆಯ ಅರ್ಧವೂ ಹೋಗಬಹುದು ಎಂದರು. ಯೋಚಿಸುತ್ತೇನೆಂದು ಫೋನ್ ಇಟ್ಟೆ. ಯೋಚಿಸಿದ್ದು ಕಣ್ಣಿನ ಬಗ್ಗೆ ಅಲ್ಲ. ಪೀಠದ ಮುಂದೆ ಕೂರುವವನ ಬಗ್ಗೆ.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕುಳಿತೆ. ದೃಷ್ಟಿ ನಿಲ್ಲಿಸುತ್ತಲೇ ಎಡಗಣ್ಣಿನಿಂದ ನೀರು ಇಳಿಯಿತು. ಮೊದಲೆಲ್ಲ ಅದು ಕೆನ್ನೆಗಿಳಿದಾಗ ಧನ್ಯತೆಯೆನಿಸುತ್ತಿತ್ತು. ಅಂದು ಅದು ಬರಿಯ ಸೋರಿಕೆಯಾಗಿತ್ತು. ಇಷ್ಟು ಕಾಲ ನಾನು ಶಿವನ ಮುಂದೆ ಕುಳಿತು ನನ್ನ ರೋಗವನ್ನೇ ಅವನಿಗೆ ಅರ್ಪಿಸಿ, ಅದಕ್ಕೆ ಭಕ್ತಿಯೆಂದು ಹೆಸರಿಟ್ಟಿದ್ದೆ. ಕಾರ್ತಿಕದವರೆಗೆ ತಡೆದರೆ ಮುಂದಿನ ಎಲ್ಲ ಶ್ರಾವಣಗಳಲ್ಲಿಯೂ ಈ ಸೋರುವ ಕಣ್ಣಿನಿಂದಲೇ ಓದಬೇಕು, ಜನ ಅದನ್ನು ಕಂಡು ಕೈಮುಗಿಯಬೇಕು, ನಾನು ತಿಳಿದೂ ತಿಳಿದೂ ಆ ಕೈಮುಗಿತವನ್ನು ಸ್ವೀಕರಿಸಬೇಕು. ಅಷ್ಟು ಸಾಧ್ಯವಿಲ್ಲವೆನ್ನಿಸಿತು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಎದ್ದು ಮಠಕ್ಕೆ ನಡೆದೆ.

ಮಠದ ಬುದ್ಧಿಯವರು, ಅಂದರೆ ಸ್ವಾಮಿಗಳು, ಎಲ್ಲವನ್ನೂ ಕೇಳಿ, ಮೊದಲು ಕಣ್ಣು, ಆಮೇಲೆ ಪುರಾಣ ಎಂದರು. ಹಾಗಾದರೆ ಓದುವವರು ಯಾರು ಎಂದು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಕುಣಿಗಲ್ಲಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಹೆಸರು ಹೇಳಿದೆ. ಅವರು ಸಜ್ಜನರು, ಶಾಸ್ತ್ರಜ್ಞರು. ಓದಿದರೆ ಮಾತ್ರ ಹಾಜರಿ ಕೂಗಿದಂತಿರುತ್ತದೆ. ಅದನ್ನು ಬಲ್ಲೆನಾದ್ದರಿಂದಲೇ ಅವರ ಹೆಸರು ಹೇಳಿದೆ.

"ಅವ್ರು ಓದುದ್ರೆ ಶ್ರಾವಣ ಮುಗಿಯಾದು ಸಂಕ್ರಾಂತಿಗೇ ಕಣ್ರೀ ಪಂಡಿತರೇ," ಎಂದು ಬುದ್ಧಿಯವರು ನಕ್ಕು, ಬಳಿಕ ನಗುವನ್ನು ನಿಲ್ಲಿಸಿ, "ಹೆಸರು ನಿಮ್ ಬಾಯಲ್ಲೇ ಬರ್ಲಿ. ನಾನ್ ಹೇಳಾಕಿಲ್ಲ," ಎಂದರು.

ಚಂದ್ರಶೇಖರ ಓದಲಿ ಬುದ್ಧಿ ಎಂದೆ. ನನ್ನ ದನಿಯೇ ನನಗೆ ಅಪರಿಚಿತವೆನಿಸಿತು.

ಶಸ್ತ್ರಚಿಕಿತ್ಸೆಯ ವಿವರಗಳನ್ನು ನಾನು ಬರೆಯುವುದಿಲ್ಲ. ಅಂದು ನನಗೆ ದೊರೆತ ಎರಡು ಕರುಣೆಗಳನ್ನು ಬರೆಯುತ್ತೇನೆ. ಮುಖ ಶುದ್ಧಿ ಮಾಡಲು ಬಂದ ಆಯಾ ನನ್ನ ಹಣೆಯ ವಿಭೂತಿಯನ್ನು ಅಳಿಸಬೇಕಾಗಿತ್ತು. ಆಕೆ ಅದನ್ನು ಒದ್ದೆಬಟ್ಟೆಯಿಂದ ಒರೆಸಿ ಬಿಸಾಡಬಹುದಾಗಿತ್ತು. ಹಾಗೆ ಮಾಡದೆ, ಒಣಗಿದ ಹತ್ತಿಯಿಂದ ಮೆಲ್ಲನೆ ಬಿಡಿಸಿ, ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ದಿಂಬಿನ ಕೆಳಗಿಟ್ಟು, "ಆಚೆ ಬಂದ್ಮೇಲೆ ಇಟ್ಕೊಳಿ ತಾತ," ಎಂದಳು. ಆಕೆಯ ಕೊರಳಲ್ಲಿ ಶಿಲುಬೆಯಿತ್ತು. ಇನ್ನೊಂದು ಲಿಂಗದ ವಿಷಯ. ಮೈಮೇಲೆ ಏನೂ ಇರಬಾರದೆಂಬುದು ಅಲ್ಲಿನ ನಿಯಮ. ಲಿಂಗವನ್ನು ಅಗಲಬಾರದೆಂಬುದು ನನ್ನ ನಿಯಮ. ವೈದ್ಯೆ ಹೊಸ ರಬ್ಬರ್ ಕೈಗವಸೊಂದನ್ನು ತರಿಸಿ, ನಾನೇ ಲಿಂಗವನ್ನು ಅದರೊಳಗೆ ಇಳಿಸುವಂತೆ ಹೇಳಿ, ಬಾಯಿಗೆ ಗಂಟು ಹಾಕಿ ನನ್ನ ಎಡ ಅಂಗೈಯಲ್ಲಿರಿಸಿದರು. ಪರದೆಯ ಚಿತ್ರ ನೋಡಿ ಅವರು ರೆಪ್ಪೆಯ ಮೇಲೆ ನೇರಳೆ ಶಾಯಿಯ ಗೆರೆ ಎಳೆಯುತ್ತಿದ್ದಾಗ ನಾನು ಕೈಯನ್ನು ಮುಚ್ಚಿಕೊಂಡು ಮಲಗಿದ್ದೆ. ಎಚ್ಚರವಾಗಿಯೇ ಇದ್ದೆ. ರಂಧ್ರ ಉಳಿಯಿತು ಎಂದು ಅವರು ಯಾರಿಗೋ ಹೇಳಿದ್ದು ಕೇಳಿಸಿತು.

ಕತ್ತರಿಸಿದ ತುಂಡಿನ ವರದಿ ಹನ್ನೊಂದನೆಯ ದಿನ ಬಂದಿತು, ಅಂಚುಗಳೆಲ್ಲ ಶುದ್ಧವಾಗಿದ್ದವು. ಗಿರಿಜಮ್ಮ ಅಂದು ಪಾಯಸ ಮಾಡಿದಳು. ಅದನ್ನು ಉಣ್ಣುತ್ತಿರುವಾಗಲೇ ಮಾತಿನ ನಡುವೆ, ಚಂದ್ರುವಿನ ಮಚ್ಚೆ ಬೆಳೆದೇ ಇರಲಿಲ್ಲವೆಂದು ಹೇಳಿಬಿಟ್ಟಳು. ನಿಮ್ಮನ್ನು ಒಯ್ಯಲು ಅವನಿಗೆ ಬೇರೆ ದಾರಿ ತೋರಲಿಲ್ಲ, ನಾನೇ ಕರೆಸಿದ್ದು ಎಂದಳು. ನಾನು ಪಾಯಸವನ್ನು ಮುಗಿಸಿದೆ. ಉಪಕಾರ ಮಾಡಿದವನ ಮೇಲೆ ಮತ್ಸರಪಡುವುದು ಹೆಚ್ಚು ಕಷ್ಟವಾದೀತೆಂದು ಬಗೆದಿದ್ದೆ. ಹಾಗೇನೂ ಆಗಲಿಲ್ಲ.

ಆ ತಿಂಗಳಿಡೀ ನಾನು ನಡುಮನೆಯಲ್ಲಿ, ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ಸಂಜೆ ಆರಕ್ಕೆ ಮಠದ ಧ್ವನಿವರ್ಧಕ ಶುರುವಾಗುತ್ತಿತ್ತು. ಗಿರಿಜಮ್ಮ ನನಗೆ ಕಾಫಿ ಕೊಟ್ಟು ತಮ್ಮನ ಓದಿಗೆ ಹೊರಡುತ್ತಿದ್ದಳು. ನಾನು ಒಬ್ಬನೇ ಕಿವಿಯಿಟ್ಟು ಕೇಳುತ್ತ ತಪ್ಪುಗಳನ್ನು ಹುಡುಕುತ್ತಿದ್ದೆ. ಎಲ್ಲಿ ಪದವನ್ನು ಒಡೆದ, ಎಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿದ, ಎಲ್ಲಿ ಅರ್ಥವನ್ನು ಹಾರಿಸಿದ ಎಂದು ದಿನದಿನವೂ ನೆನಪಿಟ್ಟುಕೊಂಡೆ. ಮಠದ ಅಂಗಳದಲ್ಲಿ ಶಾಮಿಯಾನ ಹಾಕಿಸಬೇಕಾಯಿತು, ಒಳಗೆ ಜನ ಹಿಡಿಸುತ್ತಿಲ್ಲ ಎಂದು ಗಿರಿಜಮ್ಮ ಬಂದು ಹೇಳಿದಳು. ನನ್ನ ಮೂವತ್ತೊಂದು ವರ್ಷಗಳಲ್ಲಿ ಶಾಮಿಯಾನ ಹಾಕಿಸಿದ್ದಿಲ್ಲ.

ಹದಿನೇಳನೆಯ ದಿನ ಪುರಾಣದಲ್ಲಿ ಮುದುಕಿಯೊಬ್ಬಳು ಶರಣನಿಗೆ ಗಂಜಿ ಇಡುವ ಪ್ರಸಂಗ. ನಾನು ಅದನ್ನು ಮೂವತ್ತೊಂದು ಸಲ ಓದಿದ್ದೇನೆ. ಆ ಪದ್ಯಗಳ ಶ್ಲೇಷೆಯ ಮೇಲೆ ಒಂದು ಗಂಟೆ ಮಾತನಾಡಬಲ್ಲೆ. ಚಂದ್ರು ಏನನ್ನೂ ವಿವರಿಸಲಿಲ್ಲ. ಮುದುಕಿ, ಗಂಜಿ ಆರಿದೆಯೆಂದು ನಾಚಿಕೊಳ್ಳುವ ಸಾಲನ್ನು ಒಮ್ಮೆ ಹಾಡಿದ. ಸ್ವಲ್ಪ ತಡೆದು, ಇನ್ನೊಮ್ಮೆ, ಬಹಳ ಮೆಲ್ಲಗೆ ಹಾಡಿದ. ಧ್ವನಿವರ್ಧಕದಲ್ಲಿ ಅವನ ಉಸಿರು ಕೇಳಿಸಿತು. ಮೂರನೆಯ ಸಾಲಿನಲ್ಲಿ ಪದವನ್ನು ತಪ್ಪಾಗಿ ಒಡೆದ. ಅದನ್ನು ಗುರುತಿಟ್ಟುಕೊಳ್ಳುತ್ತಿರುವಾಗಲೇ ನನ್ನ ಬಲಗೆನ್ನೆ ಒದ್ದೆಯಾಗಿರುವುದು ತಿಳಿಯಿತು. ಬಲಗೆನ್ನೆ. ಪಟ್ಟಿಯ ಕೆಳಗೆ ಎಡಗಣ್ಣೂ ಚುರುಗುಟ್ಟಿ, ಹತ್ತಿಯ ಅಂಚು ನೆನೆಯಿತು.

ಗಿರಿಜಮ್ಮ ಮರಳಿ ಬಂದು, ಹತ್ತಿ ಯಾಕೆ ಒದ್ದೆ ಎಂದು ಕೇಳಿದಾಗ, ಔಷಧಿ ಎಂದೆ.

ಮಂಗಳದ ದಿನ ಮಠಕ್ಕೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಕೇಳುವವರ ಸಾಲಿನಲ್ಲಿ ಕುಳಿತೆ. ಮುಗಿದ ಮೇಲೆ ಚಂದ್ರು ಬಂದು ನನ್ನ ಕಾಲು ಮುಟ್ಟಿ, ಹೇಗಿತ್ತು ಭಾವ ಎಂದು ಕೇಳಿದ. ಅವನು ಕೇಳಿದ್ದು ಒಂದು ಮಾತಿಗಾಗಿ. ಆ ಮಾತು ನನ್ನಲ್ಲಿತ್ತು. ನಾನು ಅದನ್ನು ಕೊಡದೆ, ಅಲ್ಪಪ್ರಾಣ, ಮಹಾಪ್ರಾಣಗಳ ಬಗ್ಗೆ ಹೇಳಿದೆ. ಅವನು ತಲೆಯಾಡಿಸಿ ಕೇಳಿಕೊಂಡ.

ಯಂತ್ರ ಕಾರ್ತಿಕದಲ್ಲಿ ಮರಳಿ ಬಂದಾಗ ಮರುಪರೀಕ್ಷೆಗೆ ಹೋಗಬೇಕಾಗಿತ್ತು. ಆರು ತಿಂಗಳಿಗೊಮ್ಮೆ ಈಗಲೂ ಹೋಗುತ್ತೇನೆ. ಆ ಮೊದಲ ಸಲ, ಬರಬೇಡವೆಂದರೂ ಚಂದ್ರು ಹೆಬ್ಬೂರಿನಿಂದ ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ. ಕೊತ್ತಗೆರೆಯವರು ಕಪ್ಪು ಕನ್ನಡಕ ತೆಗೆದು ಎದುರಿಗೆ ಕುಳಿತಿದ್ದರು. ಮಗಳ ಮದುವೆಗೆ ಕರೆದರು. ಒಳಗೆ ಮತ್ತೆ ಅದೇ ತಣ್ಣನೆಯ ಅಂಟು, ಅದೇ ಗಾಜಿನ ತುದಿ. ಬೂದಿಬಣ್ಣದ ಪರದೆಯಲ್ಲಿ ಈ ಸಲ ಒಂದೇ ಅಳತೆಯ ಕೋಶಗಳು ಓರಣವಾಗಿದ್ದವು. ಅದು ಚಂದ್ರುವಿನ ಚಿತ್ರದಂತೆಯೇ ಇತ್ತು.

ವೈದ್ಯೆ ಕಾಗದದಲ್ಲಿ ಬರೆದುಕೊಳ್ಳುತ್ತ ಕೇಳಿದರು.

"ಆಪರೇಷನ್ ಆದ್ಮೇಲೆ ಎಡಗಣ್ಣಲ್ಲಿ ನೀರು ಬಂತಾ ಸರ್? ಒಂದ್ಸಲ ಬಂದಿದ್ರೂ ಹೇಳಿ. ರಂಧ್ರ ಸರಿಯಾಗಿದೆಯಾ ಅಂತ ಗೊತ್ತಾಗ್ಬೇಕು."

ಚಂದ್ರು ನನ್ನ ಹಿಂದೆ ನಿಂತಿದ್ದ. ಇಲ್ಲ ಎನ್ನಬಹುದಾಗಿತ್ತು. ಆದರೆ ಇವರು ನನ್ನ ಲಿಂಗಕ್ಕೆ ಹೊಸ ಕೈಗವಸು ತರಿಸಿದವರು. ಇವರ ಮುಂದೆ ಸುಳ್ಳು ಬರಲಿಲ್ಲ.

"ಒಂದು ದಿನ ಬಂದಿತ್ತು," ಎಂದೆ. "ಎರಡು ಕಣ್ಣಲ್ಲೂ."

"ಎರಡರಲ್ಲೂ ಬಂದಿದ್ರೆ ಕಾಯಿಲೆ ಅಲ್ಲ ಬಿಡಿ," ಎಂದು ಅವರು ಅದನ್ನು ಬರೆದುಕೊಳ್ಳಲೂ ಇಲ್ಲ.

ಹೊರಗೆ ಮೆಟ್ಟಿಲು ಇಳಿದ ಮೇಲೆ ಚಂದ್ರು ಗೇಟಿನ ಬಳಿ ನಿಂತು, "ಯಾವತ್ತು ಭಾವ?" ಎಂದ.

"ಹದಿನೇಳನೆಯ ದಿನ. ಗಂಜಿಯ ಪ್ರಸಂಗ."

ಅವನ ಕಣ್ಣು ಅಂದೂ ಒಣಗಿಯೇ ಇತ್ತು. ಅದನ್ನು ನೋಡಿ, ಇಷ್ಟು ಒಣಗಣ್ಣಿನವನಿಗೆ ಆ ದನಿ ಎಲ್ಲಿಂದ ಬಂದಿತೆಂದು ನನ್ನೊಳಗೆ ಹಳೆಯ ಉರಿ ಮತ್ತೆ ಎದ್ದಿತು. ಯಂತ್ರಕ್ಕೆ ಅದು ಕಂಡಿರಲಿಲ್ಲ.

"ಮೂರನೆಯ ಸಾಲಿನಲ್ಲಿ ಪದವನ್ನು ತಪ್ಪಾಗಿ ಒಡೆದೆ," ಎಂದೆ.

"ಹೇಳ್ಕೊಡಿ ಭಾವ," ಎಂದ.

ಎಳನೀರಿನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು, ಬಸ್ಸು ಬರುವವರೆಗೆ, ಆ ಪದವನ್ನು ಹೇಗೆ ಬಿಡಿಸಬೇಕೆಂದು ಅವನಿಗೆ ಹೇಳಿಕೊಟ್ಟೆ. ಮೂರನೆಯ ಬಾರಿಗೆ ಅವನು ಸರಿಯಾಗಿ ಹಾಡಿದ. ಆ ಸಾಲಿನಲ್ಲಿ ಇನ್ನು ನನಗೆ ಹಿಡಿಯಲು ತಪ್ಪೇನೂ ಉಳಿಯಲಿಲ್ಲ.